ತಾಕತ್ತಿನ ಸೂಜಿ

2019ರ ಫೆಬ್ರವರಿಯಲ್ಲಿ ನಾನು ಹೈದರಾಬಾದಿನ ಅಂಚಿನಲ್ಲಿ, ಕುಷಾಯಿಗೂಡ ದಾಟಿ ಹೋದರೆ ಸಿಗುವ ಒಂದು ಸರ್ಕಾರಿ ಪಶುವೈದ್ಯಶಾಲೆಯಲ್ಲಿ ಡಾಕ್ಟರಾಗಿದ್ದೆ. ಸರ್ವಿಸಿಗೆ ಸೇರಿ ಇಪ್ಪತ್ತಾರು ವರ್ಷ ಆಗಿತ್ತು. ಎರಡು ಕೋಣೆ, ಒಂದು ಬೇವಿನ ಮರ, ಔಷಧಿ ಇಡುವ ಒಂದು ಫ್ರಿಜ್, ಸಹಾಯಕ ಯಾದಗಿರಿ. ನಮ್ಮ ಮನೆತನ ಕಲಬುರಗಿ ಕಡೆಯದು. ತಂದೆ ಹೈದರಾಬಾದಿನ ಅಬಿಡ್ಸ್‌ಗೆ ಬಟ್ಟೆ ಅಂಗಡಿಯ ಗುಮಾಸ್ತರಾಗಿ ಬಂದವರು. ಮನೆಯಲ್ಲಿ ಕನ್ನಡ, ಆಸ್ಪತ್ರೆಯಲ್ಲಿ ತೆಲುಗು; ಹೀಗೆಯೇ ನನ್ನ ದಿನಗಳು ಕಳೆದಿದ್ದವು.

ಒಂದು ಸೋಮವಾರ ಬೆಳಿಗ್ಗೆ ಹತ್ತೂವರೆಗೆ ಐವತ್ತರ ಆಸುಪಾಸಿನ ಹೆಂಗಸೊಬ್ಬಳು ಆಟೋದಿಂದ ಇಳಿದಳು. ತೊಡೆಯ ಮೇಲೆ ಮಲಗಿಸಿಕೊಂಡು ಬಂದಿದ್ದ ಕಪ್ಪು ಆಡನ್ನು ಎಡಗೈಯಿಂದಲೇ ಎಳೆದು ಇಳಿಸಿದಳು. ಬಲಗೈ ಮೊಣಕೈಯ ಹತ್ತಿರ ಸೊಟ್ಟಗಿತ್ತು. ಆಡು ನಿಂತುಕೊಂಡಿತು, ಆದರೆ ಕತ್ತು ಬೆನ್ನಿನ ಕಡೆ ಮಡಚಿ ಮೂತಿ ಮೇಲಾಗಿತ್ತು.

ಯಾದಗಿರಿ ನಗುತ್ತ ತೆಲುಗಿನಲ್ಲಿ ಹೇಳಿದ: “ಹಗಲಲ್ಲೇ ಚುಕ್ಕಿ ಎಣಿಸ್ತಿದೆ ಸಾರ್.”

ಅವನಿಗೆ ಗೊತ್ತಿರಲಿಲ್ಲ, ನಮ್ಮ ಪಠ್ಯಪುಸ್ತಕವೂ ಈ ಲಕ್ಷಣವನ್ನು ‘ಸ್ಟಾರ್ ಗೇಜಿಂಗ್’ ಎಂದೇ ಕರೆಯುತ್ತದೆ.

ಆಕೆ ಮುರುಕು ತೆಲುಗಿನಲ್ಲಿ ಏನೋ ಹೇಳಲು ಹೊರಟಳು. ನಾನು ಕನ್ನಡದಲ್ಲಿ “ಯಾವೂರಾಕಿ ನೀ?” ಎಂದೆ. ಆಕೆಯ ಮುಖ ಸಡಿಲಾಯಿತು.

“ಲಿಂಗಸೂಗೂರು ಕಡ್ಯಾಕಿ ರೀ. ಬಸವ್ವ. ಇದು ರಾಣಿ. ನಿನ್ನಿಯಿಂದ ಬರೇ ಮುಗಿಲು ನೋಡಾಕತ್ತೈತ್ರಿ ಸಾಹೇಬ್ರ. ಮೇಸ್ತ್ರಿ ಇದಕ್ಕ ಹುಚ್ಚ ಹಿಡದೈತಿ ಅಂದ. ಆಡೆಲ್ಲಾ ಹೊರಗ ಒಯ್ಯಿ, ಇಲ್ಲಾ ನೀನೂ ಹೊಂಟ ಹೋಗು ಅಂತಾನ.”

ಪ್ರಶ್ನೆ ಕೇಳುತ್ತ ಹೋದಂತೆ ಉಳಿದದ್ದು ತಿಳಿಯಿತು. ಬಸವ್ವ ಮತ್ತು ಆಕೆಯ ಮಗಳು ಒಂದು ಅಪಾರ್ಟ್‌ಮೆಂಟ್ ಕಟ್ಟುವಲ್ಲಿ ತಗಡಿನ ಶೆಡ್ಡಿನಲ್ಲಿದ್ದರು. ಬಸವ್ವ ಇಟ್ಟಿಗೆ ಹೊರುವಾಗ ಬಿದ್ದು ಕೈ ಮುರಿದುಕೊಂಡಿದ್ದಳು. ಆಮೇಲೆ ಆಕೆಗೆ ಇದ್ದ ಕೆಲಸವೆಂದರೆ ಆಡುಗಳು ಮಾತ್ರ. ರಾಣಿ, ಅದರ ನಾಲ್ಕು ತಿಂಗಳ ಎರಡು ಮರಿ, ಇನ್ನೊಂದು ಕೆಂದು ಆಡು, ಒಟ್ಟು ನಾಲ್ಕು. “ಇವು ಅದಾವ ಅಂತ ಅಲ್ಲಿ ನಾನೂ ಅದೀನ್ರಿ” ಎಂದಳು.

ನಾನು ಆಡಿನ ಕಣ್ಣಿನ ಮುಂದೆ ಬೆರಳು ತಂದೆ. ರೆಪ್ಪೆ ಬಡಿಯಲಿಲ್ಲ. ಟಾರ್ಚ್ ಹಿಡಿದರೆ ಪಾಪೆ ಸಣ್ಣದಾಯಿತು. ಅಂದರೆ ಕಣ್ಣು ಚೆನ್ನಾಗಿಯೇ ಇದೆ, ನೋಡಬೇಕಾದ ಮಿದುಳು ನೋಡುತ್ತಿಲ್ಲ. ಹುಚ್ಚಿನ, ಅಂದರೆ ರೇಬೀಸಿನ, ಬೇರೆ ಲಕ್ಷಣ ಇರಲಿಲ್ಲ. ಇದು ಥಯಾಮಿನ್, ಅಂದರೆ ವಿಟಮಿನ್ ಬಿ1, ಕೊರತೆ ಎಂದು ತೀರ್ಮಾನಿಸಿದೆ. ಆಡಿನ ಹೊಟ್ಟೆಯೊಳಗಿನ ಸೂಕ್ಷ್ಮಜೀವಿಗಳೇ ಈ ವಿಟಮಿನ್ ತಯಾರಿಸುತ್ತವೆ. ಹಿಟ್ಟಿನ ಅಂಶದ ಆಹಾರ ಹೆಚ್ಚಾಗಿ ಹೊಟ್ಟೆ ಹುಳಿಯಾದರೆ ತಯಾರಿಸುವ ಜೀವಿಗಳು ಸೋಲುತ್ತವೆ, ವಿಟಮಿನ್ನನ್ನು ಹಾಳುಮಾಡುವ ಜೀವಿಗಳು ಗೆಲ್ಲುತ್ತವೆ. ಮಿದುಳು ಊದಿಕೊಳ್ಳುತ್ತದೆ.

ಆದ್ದರಿಂದ ಕೇಳಬೇಕಾದದ್ದನ್ನು ಕೇಳಿದೆ. “ಮೇವು ಏನು ಹಾಕ್ತಿ?”

“ಬೇವಿನ ತಪ್ಪಲ, ಸುಬಾಬುಲ್ಲ, ರೋಡಿನ ಬಾಜೂಕ ಏನ್ ಸಿಗತೈತಿ ಅದು.”

“ಕಾಳು ಹಾಕಿಯೇನು? ಜೋಳ, ಅಕ್ಕಿ?”

“ಕಾಳು ಎಲ್ಲಿದ್ರಿ ಸಾಹೇಬ್ರ! ನಮಗ ಜ್ವಾಳ ತರೂದ ಕಷ್ಟ ಐತಿ.” ಆಕೆಗೆ ನಗು ಬಂತು.

ಆ ಎರಡೂ ಉತ್ತರಗಳನ್ನು ನಾನು ಕೇಸ್ ಶೀಟಿನಲ್ಲಿ ಬರೆದುಕೊಂಡೆ. ಎರಡೂ ನಿಜವಾಗಿದ್ದವು.

ನಮ್ಮಲ್ಲಿದ್ದ ಬಿ-ಕಾಂಪ್ಲೆಕ್ಸ್ ಇಂಜೆಕ್ಷನ್ನಿನಲ್ಲಿ ಬಿ1 ಇದ್ದದ್ದು ಅತಿ ಕಡಿಮೆ. ಯಾದಗಿರಿಯನ್ನು ಮನುಷ್ಯರ ಮೆಡಿಕಲ್ ಅಂಗಡಿಗೆ ಕಳಿಸಿ ಬರೀ ಥಯಾಮಿನ್ ತರಿಸಿದೆ. ಕಿಲೋಗೆ ಹತ್ತು ಮಿಲಿಗ್ರಾಂ ಲೆಕ್ಕ. ರಾಣಿಯ ತೂಕ ಇಪ್ಪತ್ತೆಂಟು ಕಿಲೋ, ಆದ್ದರಿಂದ ಇನ್ನೂರ ಎಂಬತ್ತು ಮಿಲಿಗ್ರಾಂ. ಮೊದಲ ಡೋಸನ್ನು ಕತ್ತಿನ ರಕ್ತನಾಳಕ್ಕೆ ನಿಧಾನವಾಗಿ ಕೊಟ್ಟೆ. ಮುಂದಿನವು ಆರು ತಾಸಿಗೊಂದರಂತೆ ಮಾಂಸಖಂಡಕ್ಕೆ. ಬಸವ್ವ ಬೇವಿನ ಮರದ ಬುಡದಲ್ಲೇ ಕುಳಿತಳು. ನಾಲ್ಕು ಗಂಟೆಯ ಸುಮಾರಿಗೆ ಆಡಿನ ಕತ್ತು ಸಡಿಲವಾಗಿ ಮೂತಿ ಕೆಳಗಿಳಿಯಿತು. ಮರುದಿನ ಬೆಳಿಗ್ಗೆ ನನ್ನ ಕೈ ಹತ್ತಿರ ಬಂದಾಗ ರೆಪ್ಪೆ ಬಡಿಯಿತು. ಮೂರನೆಯ ದಿನ ಅದು ಯಾದಗಿರಿಯ ಅಂಗಿಯ ತುದಿ ಅಗಿಯತೊಡಗಿತು. ಮನೆಗೆ ಕಳಿಸಿದೆ.

ಹೊರಡುವಾಗ ಬಸವ್ವ ಕೇಳಿದಳು: “ಅದೇನ್ ಸೂಜಿರೀ, ಹಿಂಗ ಎಬ್ಬಿಸಿ ನಿಂದರಸ್ತಲ್ಲ?”

ಬಾಗಿಲಲ್ಲಿ ಎಮ್ಮೆಗಳು ಕಾಯುತ್ತಿದ್ದವು. ನಾನು ವರ್ಷಗಟ್ಟಲೆ ಹೇಳುತ್ತ ಬಂದದ್ದನ್ನೇ ಹೇಳಿದೆ: “ತಾಕತ್ತಿನ ಸೂಜಿ. ಇದರ ಮೈಯಾಗ ತಾಕತ್ತು ಕಮ್ಮಿ ಆಗಿತ್ತು.”

“ಹೌದೇನ್ರಿ” ಎಂದಳು, ಆಡಿನ ಬೆನ್ನು ಸವರುತ್ತ. “ಬಾಕಿದಾವಕ್ಕೂ ಕಮ್ಮಿ ಆಗಬಾರದಲ್ರಿ ಮತ್ತ.”

“ಆಗಬಾರದು” ಎಂದೆ.

ನಾಲ್ಕು ದಿನ ಕಳೆದು, ಭಾನುವಾರ ಬೆಳಿಗ್ಗೆ ಆಕೆ ಒಬ್ಬಳೇ ಬಂದಳು. ರಜೆಯ ದಿನ ಅರ್ಧ ಹೊತ್ತು ಆಸ್ಪತ್ರೆ ತೆರೆದಿರುತ್ತಿತ್ತು. ನಡೆದೇ ಬಂದಿದ್ದಳು, ಉಸಿರು ಕಟ್ಟಿತ್ತು. “ಒಂದ ಮರಿ ಹೋತ್ರಿ. ರಾಣಿ ಏಳವಲ್ದು. ಕೆಂದೂ ಮುಗಿಲು ನೋಡಾಕತ್ತೈತಿ.”

ಆಕೆಯಿಂದ ದಾರಿ ಕೇಳಿಕೊಂಡು, ಆಕೆಯನ್ನು ಆಟೋದಲ್ಲಿ ಕೂರಿಸಿ, ಯಾದಗಿರಿಯ ಬೈಕಿನಲ್ಲಿ ನಾವಿಬ್ಬರೂ ಮುಂದೆ ಹೋದೆವು. ಶೆಡ್ಡಿನ ಮುಂದೆ ಸತ್ತ ಮರಿಯ ಮೇಲೆ ಸಿಮೆಂಟಿನ ಖಾಲಿ ಚೀಲ ಹೊದಿಸಿದ್ದರು. ಅದರ ಪಕ್ಕದಲ್ಲಿ ಒಂದು ಬಕೆಟ್ ಇತ್ತು. ಅರ್ಧ ಬಕೆಟ್ ಪುಲಾವು, ಅದರ ಮೇಲೆ ನಾಲ್ಕೈದು ತುಂಡು ಡಬಲ್ ಕಾ ಮೀಠಾ. ಬ್ರೆಡ್ಡಿಗೆ ಹಿಡಿದ ಸಕ್ಕರೆ ಪಾಕದ ಮೇಲೆ ನೊಣ ಕೂತಿದ್ದವು. ನಾನು ಬಕೆಟ್ಟನ್ನೇ ನೋಡುತ್ತ ನಿಂತೆ.

ಬಸವ್ವನ ಮಗಳು ಮಲ್ಲಮ್ಮ ಒಳಗಿನಿಂದ ಬಂದಳು. ಆಕೆ ಫಂಕ್ಷನ್ ಹಾಲ್ ಒಂದರಲ್ಲಿ ಪಾತ್ರೆ ತೊಳೆಯುತ್ತಾಳೆಂದು ಆಗ ತಿಳಿಯಿತು. ಮದುವೆಗಳ ಕಾಲ, ಉಳಿದದ್ದನ್ನು ಮನೆಗೆ ತರುತ್ತಿದ್ದಳು. ಮೊದಲೆಲ್ಲ ಮರಿ ಹಾಕಿದ ಆಡೆಂದು ರಾಣಿಗೆ ಮಾತ್ರ ಎರಡು ಮುಷ್ಟಿ ಇಡುತ್ತಿದ್ದರಂತೆ.

ಆಟೋ ಬಂತು. ನಾನು ಬಕೆಟ್ ತೋರಿಸಿ ಬಸವ್ವನನ್ನು ಕೇಳಿದೆ: “ಇದನ್ನ ಯಾಕ ಹೇಳಲಿಲ್ಲ?”

“ನೀವು ಮೇವು ಕೇಳಿದ್ರಿ, ಕಾಳು ಕೇಳಿದ್ರಿ. ಇದು ಅನ್ನ ಅಲ್ರಿ?”

ಆಕೆ ಮುಂದುವರಿಸಿದಳು: “ತಾಕತ್ತು ಕಮ್ಮಿ ಐತಿ ಅಂದ್ರಿ. ಅದಕ್ಕ ನಾಕಕ್ಕೂ ಹೊಟ್ಟಿ ತುಂಬ ಹಾಕೀನ್ರಿ. ನಮ್ಮ ಪಾಲಿಂದು ಸುದ್ದಾ ಹಾಕೀನಿ. ನಾನು ನನ್ನ ಮಗಳು ಬರೇ ರೊಟ್ಟಿ ಖಾರ ತಿಂದೀವಿ.”

ಇಪ್ಪತ್ತಾರು ವರ್ಷಗಳಲ್ಲಿ ನನ್ನ ಕೈಯಲ್ಲಿ ಪ್ರಾಣಿಗಳು ಸತ್ತಿವೆ. ತಡವಾಗಿ ತಂದದ್ದರಿಂದ, ಔಷಧಿ ಸಿಗದೆ, ಕೆಲವೊಮ್ಮೆ ನನ್ನ ಅಂದಾಜು ತಪ್ಪಿ. ಆದರೆ ನಾನು ಹೇಳಿದ್ದನ್ನು ಅಕ್ಷರಶಃ ಪಾಲಿಸಿದ ಕಾರಣಕ್ಕೆ ಒಂದು ಜೀವ ಹೋದದ್ದನ್ನು ಅಂದು ಮೊದಲು ಕಂಡೆ.

ಹೊಟ್ಟೆಯ ಹುಳಿ ತಗ್ಗಲೆಂದು ಮೂರಕ್ಕೂ ಅಡುಗೆ ಸೋಡಾ ನೀರಿನಲ್ಲಿ ಕದಡಿ ಕುಡಿಸಿದೆವು. ಥಯಾಮಿನ್ ಮತ್ತೆ ಆರು ತಾಸಿಗೊಂದು. ಯಾದಗಿರಿಯ ಮನೆ ಹತ್ತಿರವಿತ್ತು; ನಾನು ಬರಲಾಗದ ಹೊತ್ತಿನ ಡೋಸುಗಳನ್ನು ಅವನು ಕೊಟ್ಟ. ಮೇಸ್ತ್ರಿಯನ್ನು ಕರೆದು ಇದು ಹುಚ್ಚಲ್ಲ, ಯಾರಿಗೂ ಹರಡುವುದಿಲ್ಲ ಎಂದು ಹೇಳಿ, ಹಾಗೆಂದು ಬರೆದ ಕಾಗದಕ್ಕೆ ಆಸ್ಪತ್ರೆಯ ಸೀಲು ಹಾಕಿ ಕೊಟ್ಟೆ. ಅವನು ಕಾಗದವನ್ನು ಮಡಚಿ ಜೇಬಿಗಿಟ್ಟುಕೊಂಡು, “ಆಡು ಇಲ್ಲೇ ಇರಲಿ ಬಿಡ್ರಿ” ಎಂದ.

ಉಳಿದ ಮರಿ ಮರುದಿನವೇ ಜಿಗಿದಾಡಿತು. ಕೆಂದು ಎರಡು ದಿನದಲ್ಲಿ ಸರಿಹೋಯಿತು. ರಾಣಿ ಐದನೆಯ ದಿನ ಎದ್ದು ನಿಂತಿತು, ಆದರೆ ದೃಷ್ಟಿ ಪೂರ್ತಿ ಮರಳಲಿಲ್ಲ. ಎಡಗಡೆಯ ಕಂಬಕ್ಕೆ ಡಿಕ್ಕಿ ಹೊಡೆಯುತ್ತಿತ್ತು.

ಆ ದಿನ ನಾನು ಬಸವ್ವನಿಗೆ ಹೇಳಿದೆ: “ಮರಿ ಹೋದದ್ದು ನಿನ್ನ ತಪ್ಪಲ್ಲ. ನಾನು ಸರಿಯಾಗಿ ಹೇಳಲಿಲ್ಲ.”

“ಹೇಳೂದು ಇರಲಿರಿ. ನೀವು ಕೇಳಲಿಲ್ಲ” ಎಂದಳು. ಸಿಟ್ಟಿರಲಿಲ್ಲ, ಆದರೆ ಸಮಾಧಾನದ ಮಾತೂ ಅದಾಗಿರಲಿಲ್ಲ. ಆಮೇಲೆ ಕೇಳಿದಳು: “ಈಗ ಹೇಳ್ರಿ. ಏನಾತು ಇವಕ್ಕ?”

ಹೊಟ್ಟೆಯ ಸೂಕ್ಷ್ಮಜೀವಿಗಳಿಂದ ಶುರುಮಾಡಿ ಎಲ್ಲವನ್ನೂ ಹೇಳಿದೆ. ಆಕೆ ಕೇಳಿ ತನ್ನ ಮಾತಿನಲ್ಲಿ ತಿರುಗಿ ಹೇಳಿದಳು: “ಅನ್ನ ತಿಂದ್ರ ಹೊಟ್ಟಿ ಹುಳಿ ಆಕ್ಕೈತಿ, ಹುಳಿ ಆದ್ರ ತಲಿ ಕೆಡತೈತಿ. ಹಂಗಂದ್ರ ಇದಕ್ಕ ತಪ್ಪಲಾನ ತಾಕತ್ತು.” ಅದಕ್ಕಿಂತ ಚೆನ್ನಾಗಿ ನಾನು ಹೇಳಲಾರೆ. ಯಾದಗಿರಿ ಅದನ್ನೇ ತೆಲುಗಿಗೆ ತಿರುಗಿಸಿ ಹಾಳೆಯ ಮೇಲೆ ಬರೆದು ಆಸ್ಪತ್ರೆಯ ಗೋಡೆಗೆ ಅಂಟಿಸಿದ.

ಅಲ್ಲಿಂದ ನಿವೃತ್ತಿಯವರೆಗೆ ನಾನು ‘ತಾಕತ್ತಿನ ಸೂಜಿ’ ಎಂಬ ಮಾತನ್ನು ಬಳಸಲಿಲ್ಲ. ಸುಲಭ ಮಾಡಿ ಹೇಳುವುದು ಬೇರೆ, ತಿಳಿಯುವಂತೆ ಹೇಳುವುದು ಬೇರೆ. ಆ ವ್ಯತ್ಯಾಸವನ್ನು ನನ್ನ ಕೆಲಸ ನನಗೆ ಒಂದು ಮರಿಯ ಜೀವ ತೆಗೆದುಕೊಂಡು ಕಲಿಸಿತು. ಮೇವಿನ ಪ್ರಶ್ನೆ ಬಿಟ್ಟು, ನಿನ್ನೆ ಬೆಳಿಗ್ಗೆಯಿಂದ ಇದರ ಬಾಯಿಗೆ ಏನೇನು ಬಿತ್ತು ಎಂದು ಕೇಳತೊಡಗಿದೆ. ಕಳಿಸುವ ಮುನ್ನ, ಮನೆಗೆ ಹೋಗಿ ಏನು ಹಾಕುತ್ತೀ ಹೇಳು ಎಂದು ಅವರಿಂದಲೇ ಹೇಳಿಸುತ್ತಿದ್ದೆ.

ಮುಂದಿನ ಮದುವೆ ಕಾಲದಲ್ಲಿ ಬಸವ್ವ ತನ್ನ ಶೆಡ್ಡಿನ ಸಾಲಿನ ಇನ್ನೊಬ್ಬ ಹೆಂಗಸನ್ನು ಕರೆದುಕೊಂಡು ಬಂದಳು. ಆ ಹೆಂಗಸಿನ ಆಡಿನ ಮೂತಿ ಮೇಲಾಗಿತ್ತು. ಸಾಲಿನಲ್ಲಿ ನಿಂತ ಬಸವ್ವನ ದನಿ ನನ್ನ ಕೋಣೆಗೆ ಕೇಳಿಸುತ್ತಿತ್ತು.

“ಅನ್ನ ಹಾಕಿಯೇನು, ಅದನ್ನ ಮದ್ಲ ಹೇಳು. ಏಸ್ ದಿನಾ ಹಾಕಿ, ಅದೂ ಹೇಳು. ಸಾಹೇಬ್ರು ಭಾಳ ಚಲೋರು, ಸೂಜಿ ಚಲೋ ಮಾಡ್ತಾರ. ಕೇಳಾಕ ಅಷ್ಟ ಬರಂಗಿಲ್ಲ ಅವರಿಗೆ.”