ಅರ್ಧ ಮುರಿದು ಕೊಡಬೇಕಾಗಿದ್ದ ಬಿಲ್ಲೆ

ಕಳೆದ ವಾರ ಸಿಂಧನೂರಿನಲ್ಲಿ, ನನ್ನ ಮಗಳ ಮನೆಯ ಅಡುಗೆಕೋಣೆಯಲ್ಲಿ ಮಿಕ್ಸರಿನ ಮುಚ್ಚಳ ತೆಗೆದ ಕೂಡಲೇ ಜಾಜಿಕಾಯಿಯ ವಾಸನೆ ನಡುಮನೆಯವರೆಗೂ ಬಂತು. ಜಾಜಿಕಾಯಿಯೊಂದೇ ಆಗಿದ್ದರೆ ಓದುತ್ತಿದ್ದ ಪತ್ರಿಕೆಯಿಂದ ನಾನು ತಲೆ ಎತ್ತುತ್ತಿರಲಿಲ್ಲ. ಅದರ ಹಿಂದೆ ಒಣಶುಂಠಿ ಇತ್ತು. ಒಣಶುಂಠಿಯ ಹಿಂದೆ, ಅರೆದ ಖಜೂರದ ಭಾರವಾದ ಸಿಹಿ ವಾಸನೆ. ಈ ಮೂರೂ ಇದೇ ಕ್ರಮದಲ್ಲಿ ಮೂಗಿಗೆ ತಾಕಿ ನಲವತ್ತು ವರ್ಷಗಳ ಮೇಲಾಗಿರಬೇಕು...

ಮೊಮ್ಮಗಳು ಬಿಸ್ಕೀಟು ಮಾಡುತ್ತಿದ್ದಳು. ಅವಳಿದ್ದ ಮಹಿಳಾ ಸಂಘದವರು ಮುಂದಿನ ವಾರ ತಾವು ಮಾಡಿದ ತಿನಿಸುಗಳನ್ನು ಒಂದು ಮೇಜಿನ ಮೇಲೆ ಇಡುವವರಿದ್ದರು. "ಇದು ಹೊಸಾದು ಆಯಿ, ಫೋನಿನ್ಯಾಗ ನೋಡಿ ಮಾಡಾಕತ್ತೀನಿ. ಒಲಿ ಹಚ್ಚೂದು ಬ್ಯಾಡ, ಸಕ್ರಿ ಹಾಕೂದು ಬ್ಯಾಡ" ಎಂದಳು.

ಹೊಸದು ಎಂಬ ಮಾತನ್ನು ನಾನು ಸುಲಭವಾಗಿ ಒಪ್ಪುವವಳಲ್ಲ. ಹಳೆಯದು ಎಂಬ ಮಾತನ್ನೂ ಒಪ್ಪುವವಳಲ್ಲ. ಏಳನೆಯ ತರಗತಿಗೆ ಶಾಲೆ ಬಿಟ್ಟವಳು, ಆಮೇಲೆ ಓದಿದ್ದೆಲ್ಲ ನಾನಾಗಿಯೇ ಹುಡುಕಿ ಓದಿದ್ದು. ಮಸ್ಕಿಯ ಬಂಡೆಯ ಮೇಲೆ ಬರಹವಿದೆ ಎಂದು ಊರೆಲ್ಲ ಹೇಳಿದಾಗಲೂ ಹತ್ತಿ ಹೋಗಿ ನೋಡಿ ಬಂದ ಮೇಲೆಯೇ ನಂಬಿದೆ. ಆ ಅಕ್ಷರಗಳಲ್ಲಿ ಒಂದೂ ನನಗೆ ಓದಲು ಬರಲಿಲ್ಲ ಎಂಬುದು ಬೇರೆ ಮಾತು.

ಆದರೆ ಅಂದು 'ಇದು ಹೊಸದಲ್ಲ' ಎಂದು ನಾನು ಹೇಳುವ ಮೊದಲೇ ಪಕ್ಕದಲ್ಲಿ ಕುಳಿತಿದ್ದ ನನ್ನ ನಾದಿನಿ ಬಾಯಿ ತೆಗೆದಳು. "ಸಕ್ರಿ ಇಲ್ಲ ಅನ್ನೋ ಮಾತು ನನ್ನ ಮುಂದ ಆಡಬ್ಯಾಡವ್ವ. ಸಕ್ರಿ ಇಲ್ಲ, ಸಕ್ರಿ ಇಲ್ಲ ಅನಕೋಂತನ ಆಕಿ ನಮ್ಮಪ್ಪನ ಕಾಲಬೆರಳು ತಿಂದ್ಲು."

"ಯಾರು, ಸಣ್ಣಾಯಿ?" ಎಂದು ಮೊಮ್ಮಗಳು ಕೇಳಿದಳು.

"ಮಸ್ಕ್ಯಾಗ ನಮ್ಮ ಎದುರುಮನಿಯಾಕಿ. ಕೇಳು ನಿಮ್ಮ ಆಯಿನ್ನ, ಆಕಿಗೆ ಎಲ್ಲಾ ಗೊತ್ತೈತಿ."

ನನಗೆ ಎಲ್ಲವೂ ಗೊತ್ತಿತ್ತು.

ನಾನು ಮದುವೆಯಾಗಿ ಮಸ್ಕಿಗೆ ಬಂದಾಗ ಎದುರುಮನೆಯ ಆ ಹೆಂಗಸಿಗೆ ಐವತ್ತರ ಆಸುಪಾಸು. ಓಣಿಯವರೆಲ್ಲ ದೊಡ್ಡವ್ವ ಎನ್ನುತ್ತಿದ್ದರು. ನಾನೂ ಹಾಗೆಯೇ ಕರೆದೆ. ಹಣೆಯ ತುಂಬ ವಿಭೂತಿ, ಕೊರಳಲ್ಲಿ ಲಿಂಗದ ಕರಡಿಗೆ, ಸೊಂಟಕ್ಕೆ ಬಿಗಿದ ಇಳಕಲ್ ಸೀರೆಯ ಸೆರಗು. ಅವರ ಕೈಯ ಉತ್ತತ್ತಿ ಬಿಲ್ಲೆ ತಿನ್ನದೆ ನಮ್ಮ ಓಣಿಯ ಯಾವ ಬಾಣಂತಿಯೂ ಕೋಣೆಯಿಂದ ಹೊರಗೆ ಬರುತ್ತಿರಲಿಲ್ಲ. ಹೆರಿಗೆಯಾದ ಸುದ್ದಿ ಬಂದರೆ ಸಾಕು, ಹೆಣ್ಣೋ ಗಂಡೋ ಎಂದು ಕೇಳುವ ಮೊದಲು ಅವರು ಒಳಕಲ್ಲು ತೊಳೆಯುತ್ತಿದ್ದರು.

ಅವರು ಅದನ್ನು ಮಾಡುವುದನ್ನು ನಾನು ಹಲವು ಸಲ ನೋಡಿದ್ದೇನೆ. ಉತ್ತತ್ತಿಯ ಬೀಜ ತೆಗೆದು ಒಳಕಲ್ಲಿನಲ್ಲಿ ಕುಟ್ಟಿ ಪುಡಿ ಮಾಡುವರು. ಮೆತ್ತನೆಯ ಖಜೂರ, ಒಣದ್ರಾಕ್ಷಿ, ಎರಡು ಮೂರು ಅಂಜೂರ ಸೇರಿಸಿ ಮತ್ತೆ ಕುಟ್ಟುವರು. ತುರಿದ ಒಣಕೊಬ್ಬರಿ, ಪುಟಾಣಿಯ, ಎಂದರೆ ಹುರಿಗಡಲೆಯ ಹಿಟ್ಟು. ಕೊನೆಗೆ ಒಣಶುಂಠಿ, ಯಾಲಕ್ಕಿ, ಲವಂಗ, ಜಾಜಿಕಾಯಿ. ಅಂಗೈಗೆ ತುಪ್ಪ ಸವರಿಕೊಂಡು ಆ ಮುದ್ದೆಯನ್ನು ಹಲಗೆಯ ಮೇಲೆ ತಟ್ಟಿ, ಸಣ್ಣ ಹಿತ್ತಾಳೆ ಬಟ್ಟಲಿನ ಬಾಯಿ ಒತ್ತಿ ಬಿಲ್ಲೆಗಳನ್ನು ಕತ್ತರಿಸುವರು. ಬಿಳಿ ಬಟ್ಟೆಯ ಮೇಲೆ ಎರಡು ದಿನ ನೆರಳಲ್ಲಿ ಆರಿದರೆ ಮುಗಿಯಿತು. ಒಲೆ ಇಲ್ಲ, ಹಂಚಿಲ್ಲ; ಸಕ್ಕರೆ ಇಲ್ಲ, ಬೆಲ್ಲವೂ ಇಲ್ಲ.

ಇದಕ್ಕೆ ಓಣಿಯಲ್ಲಿ ಎರಡು ಕಥೆಗಳಿದ್ದವು. ಗಂಡ ತೀರಿಕೊಂಡ ದಿನ ಅವರು ಸಕ್ಕರೆ ಮುಟ್ಟುವುದಿಲ್ಲವೆಂದು ಹರಕೆ ಹೊತ್ತರು ಎಂಬುದು ಒಂದು. ಬಿಲ್ಲೆಗೆ ಬೆಂಕಿ ತೋರಿಸಿದರೆ ಬಾಣಂತಿಯ ಹಾಲು ಬತ್ತುತ್ತದೆ ಎಂಬುದು ಇನ್ನೊಂದು. ಇವೆರಡನ್ನೂ ನಾನು ನಂಬದೆ ನೇರವಾಗಿ ಅವರನ್ನೇ ಕೇಳಿದ್ದೆ. ಅವರು ನಕ್ಕುಬಿಟ್ಟಿದ್ದರು. "ಹರಕಿ ಇಲ್ಲ, ಪರಕಿ ಇಲ್ಲ. ಹೊಗಿ ನನ್ನ ಕಣ್ಣಿಗೆ ಆಗಂಗಿಲ್ಲ, ಅದಕ್ಕ ಒಲಿ ಬ್ಯಾಡ. ಸಕ್ರಿ ಹಾಕಿದ್ರ ಮಳಿಗಾಲದಾಗ ನೀರು ಬಿಡತೈತಿ, ಬಿಲ್ಲಿ ಜಿಬಿಜಿಬಿ ಆಕ್ಕಾವು. ಇಷ್ಟ ನೋಡವಾ. ಮಂದಿಗೆ ಇಷ್ಟು ಹೇಳಿದ್ರ ರುಚಿ ಹತ್ತಂಗಿಲ್ಲ."

ಆ ಉತ್ತರ ನನಗೆ ಎಷ್ಟು ಹಿಡಿಸಿತೆಂದರೆ, ಓಣಿಯಲ್ಲಿ ಸತ್ಯವನ್ನು ಕೇಳಿ ತಿಳಿದುಕೊಂಡವಳು ನಾನೊಬ್ಬಳೇ ಎಂಬ ಹೆಮ್ಮೆ ಹಲವು ದಿನ ಇತ್ತು.

ಅದೇ ವರ್ಷ ನಮ್ಮ ಮಾವನವರಿಗೆ ಸಕ್ಕರೆ ರೋಗ ಇದೆಯೆಂದು ಲಿಂಗಸುಗೂರಿನ ದವಾಖಾನೆಯಲ್ಲಿ ಹೇಳಿದರು. ಹೋಳಿಗೆಯ ಮೇಲೆ ಹೋಳಿಗೆ ತಿಂದು ಬೆಳೆದ ಮನುಷ್ಯ. ಮರುದಿನದಿಂದ ಅವರ ತಾಟಿನಲ್ಲಿ ಜೋಳದ ರೊಟ್ಟಿ, ಪಲ್ಯ, ಮೊಳಕೆ ಕಾಳು. ಸಿಹಿ ಎಂಬುದು ಇಲ್ಲವೇ ಇಲ್ಲ. ಅತ್ತೆಯವರು ಸಕ್ಕರೆಯ ಡಬ್ಬಿಯನ್ನು ಅಟ್ಟದ ಮೇಲಿಟ್ಟರು. ಮಾವನವರು ಮಾತು ಕಡಿಮೆ ಮಾಡಿದರು. ಕಟ್ಟೆಯ ಮೇಲೆ ಕುಳಿತು, ಯಾರ ಮನೆಯಲ್ಲಿ ಏನು ಹುರಿಯುತ್ತಿದ್ದಾರೆ ಎಂದು ಮೂಗಿನಲ್ಲಿಯೇ ಲೆಕ್ಕ ಹಾಕುತ್ತಿದ್ದರು.

ಇದನ್ನು ಎದುರುಮನೆಯಿಂದ ದೊಡ್ಡವ್ವ ನೋಡಿರಬೇಕು. ಒಂದು ಮಧ್ಯಾಹ್ನ ನನ್ನನ್ನು ಕರೆದು ಒಂದು ತಗಡಿನ ಡಬ್ಬಿ ತುಂಬ ಬಿಲ್ಲೆ ಕೊಟ್ಟರು. ನಾನು ಹೊಸ್ತಿಲು ದಾಟುವಾಗ ಹಿಂದಿನಿಂದ ಹೇಳಿದರು: "ನಿಮ್ಮ ಮಾವಗ ದಿನಕ್ಕ ಒಂದ ಬಿಲ್ಲಿ. ಅದೂ ಅರ್ಧ ಮುರದು ಕೊಡು, ಉಳಿದರ್ಧ ನೀ ತಿನ್ನು. ಸಕ್ರಿ ಇಲ್ಲ ಅಂದ್ರ ಸಿಹಿ ಇಲ್ಲ ಅಂತಲ್ಲ, ತಿಳೀತಿಲ್ಲೋ?"

"ತಿಳೀತ್ರಿ ದೊಡ್ಡವ್ವ" ಎಂದು ಹೇಳಿಯೇ ರಸ್ತೆ ದಾಟಿದೆ.

ನಮ್ಮ ಸೀಮೆಯಲ್ಲಿ ಸಕ್ರಿ ಎಂದರೆ ಡಬ್ಬಿಯಲ್ಲಿರುವುದೂ ಹೌದು, ಮೈಯಲ್ಲಿ ಸೇರಿದ ರೋಗವೂ ಹೌದು. ಒಂದೇ ಮಾತು ಎರಡೂ ಕೆಲಸ ಮಾಡುತ್ತದೆ. ಕಟ್ಟೆಯ ಮೇಲಿದ್ದ ಮಾವನವರು ಡಬ್ಬಿ ಏನೆಂದು ಕೇಳಿದರು. "ಬಿಲ್ಲಿ ರೀ ಮಾವಾರ. ಇದಕ್ಕ ಸಕ್ರಿ ಇಲ್ಲಂತ್ರಿ" ಎಂದೆ. ಅವರ ಮುಖ ಅರಳಿತು. "ಇದಕ್ಕ ಸಕ್ರಿ ಇಲ್ಲ, ನನಗ ಸಕ್ರಿ ಐತಿ. ಬೇಶ್ ಜೋಡಿ ಕೂಡ್ತು ನೋಡು!" ಎಂದು ತೊಡೆ ತಟ್ಟಿ ನಕ್ಕರು. ಆಮೇಲೆ ಒಳಗೆ ಮುಖ ಮಾಡಿ, ಮನೆಯವರಿಗೆಲ್ಲ ಕೇಳುವಂತೆ, "ನನ್ನ ಸೊಸಿ ತಂದಾಳ" ಎಂದರು.

ನಾನು ಆ ಮನೆಗೆ ಬಂದು ಎಂಟು ತಿಂಗಳಾಗಿತ್ತು. ಅಷ್ಟು ದಿನದಲ್ಲಿ ಅವರು ನನ್ನನ್ನು 'ನನ್ನ ಸೊಸೆ' ಎಂದದ್ದು ಅದೇ ಮೊದಲು. ಉಳಿದ ಮಾತು, ಅರ್ಧ ಮುರಿದು ಕೊಡು ಎಂಬ ಮಾತು, ನನ್ನ ನಾಲಿಗೆಯ ಮೇಲಿತ್ತು. ನಾಳೆ ಹೇಳಿದರಾಯಿತು ಎಂದುಕೊಂಡೆ. ಮರುದಿನ ಅವರು ಡಬ್ಬಿಯನ್ನು ತಮ್ಮ ಮಗ್ಗುಲಲ್ಲೇ ಇಟ್ಟುಕೊಂಡಿದ್ದರು. ದಿನಕ್ಕೆ ನಾಲ್ಕು, ಐದು... ಡಬ್ಬಿ ಬರಿದಾಗುತ್ತ ಬಂತು; ನಾನೇ ಹೋಗಿ ಮತ್ತೊಮ್ಮೆ ತುಂಬಿಸಿಕೊಂಡು ಬಂದೆ. ದೊಡ್ಡವ್ವ "ಇಷ್ಟು ಲಗೂನ ತೀರಿದ್ವೇನು?" ಎಂದಾಗ, "ಬಂದವರಿಗೆ ಕೊಟ್ವಿರಿ" ಎಂದು ಸುಳ್ಳು ಹೇಳಿದೆ.

ಮಾವನವರ ಕಾಲಿಗೆ ಚಪ್ಪಲಿ ಕಚ್ಚಿ ಆದ ಗಾಯವೊಂದು ಮೊದಲೇ ಇತ್ತು. ಅದು ಮಾಯಲಿಲ್ಲ, ಕಪ್ಪಾಯಿತು. ಲಿಂಗಸುಗೂರಿಗೆ ಕರೆದೊಯ್ದಾಗ ಕಿರುಬೆರಳು ತೆಗೆಯಬೇಕಾಯಿತು. ಏನೇನು ತಿಂದಿರಿ ಎಂದು ಡಾಕ್ಟರು ಕೇಳಿದರು. ಬಿಲ್ಲೆಯೇ ಕಾರಣ ಎಂದು ಅವರು ಹೇಳಲಿಲ್ಲ. ಇಂದಿಗೂ ಅದೊಂದೇ ಕಾರಣವೆಂದು ನಾನು ಹೇಳಲಾರೆ. ಆದರೆ ಮನೆಯವರಿಗೆ ಒಂದು ಕಾರಣ ಬೇಕಾಗಿತ್ತು, ಅದು ಎದುರಿಗೇ ಇತ್ತು.

ಅತ್ತೆಯವರು ಊರಿಗೆ ಬಂದಿಳಿದವರೇ ಆ ಡಬ್ಬಿಯನ್ನು ಎತ್ತಿಕೊಂಡು ರಸ್ತೆ ದಾಟಿದರು. ನಾನೂ ಹಿಂದೆ ಹೋದೆ. ಓಣಿಯ ಹೆಂಗಸರು ಬಾಗಿಲುಗಳಲ್ಲಿ ನಿಂತಿದ್ದರು.

"ಸಕ್ರಿ ಇಲ್ಲ ಅಂತ ಹೇಳಿ ಸಕ್ರಿ ಹಾಕೀಯಲ್ಲ, ನಿನ್ನ ಕೈ ಸೇದಿ ಹೋಗಲಿ! ನನ್ನ ಗಂಡನ ಬೆರಳು ಹೋತಲ್ಲೇ!" ಎಂದು ಅತ್ತೆಯವರು ಡಬ್ಬಿಯನ್ನು ಅವರ ಕಾಲ ಬಳಿ ಎಸೆದರು.

"ನಾ ಸಕ್ರಿ ಹಾಕಿಲ್ಲವ್ವ" ಎಂದರು ದೊಡ್ಡವ್ವ. ಆಮೇಲೆ ನನ್ನ ಕಡೆ ನೋಡಿದರು. ಸಿಟ್ಟಿನಿಂದ ನೋಡಲಿಲ್ಲ. ಹಂಚಿನ ಮೇಲಿನ ರೊಟ್ಟಿ ಉಬ್ಬುವುದನ್ನು ಕಾಯುವವರ ಹಾಗೆ, ಈಗ ಮಾತಾಡುತ್ತಾಳೆ, ಈಗ ಮಾತಾಡುತ್ತಾಳೆ ಎಂದು ಕಾದರು... ನಾನು ಅವರ ಬಾಗಿಲ ಮುಂದಿನ ರಂಗೋಲಿ ನೋಡುತ್ತ ನಿಂತೆ. ಅವರು ಕಾಯುವುದನ್ನು ಬಿಟ್ಟು, ಬಗ್ಗಿ ಡಬ್ಬಿ ಎತ್ತಿಕೊಂಡು ಒಳಗೆ ಹೋದರು. ನನ್ನ ಹೆಸರು ಹೇಳಲಿಲ್ಲ.

ಆ ಮೇಲೆ ಓಣಿಯಲ್ಲಿ ಹೆರಿಗೆಗಳಾದವು. ಮೊದಮೊದಲು ಅವರು ಮಾಡಿ ಕಳಿಸಿದ್ದನ್ನು ಜನ ಇಸಿದುಕೊಂಡು ದನಕ್ಕೆ ಹಾಕಿದರು. ಅದು ಅವರಿಗೆ ತಿಳಿದ ಮೇಲೆ ಎದುರುಮನೆಯಿಂದ ಒಳಕಲ್ಲಿನ ಸದ್ದು ಬರಲಿಲ್ಲ. ಬಾಣಂತಿಯರಿಗೆ ಉಣ್ಣಿಸುವ ಕೈ ಎಂದು ಇಡೀ ಓಣಿ ಕಣ್ಣಿಗೊತ್ತಿಕೊಳ್ಳುತ್ತಿದ್ದ ಕೈ ಅದು. ನನ್ನ ಮೊದಲ ಹೆರಿಗೆಯಲ್ಲಿ ನನಗೂ ಆ ಬಿಲ್ಲೆ ದಕ್ಕಲಿಲ್ಲ. ಕೇಳುವ ಮುಖ ನನಗಿರಲಿಲ್ಲ. ಎರಡು ವರ್ಷದೊಳಗೆ ಅವರು ಮನೆಗೆ ಬೀಗ ಹಾಕಿ ಮುದಗಲ್ಲಿನ ತಂಗಿಯ ಮನೆಗೆ ಹೋದರು.

ನನ್ನ ಓದು ಶುರುವಾದದ್ದು ಆಗ. ಇದನ್ನು ನಾನು ಯಾರಿಗೂ ಹೇಳಿಲ್ಲ. ಜ್ಞಾನದ ಹಸಿವಿನಿಂದ ಓದಿದೆ ಎಂದು ನನ್ನ ಮಕ್ಕಳು ಮೆಚ್ಚಿ ಹೇಳುತ್ತಾರೆ; ಅದೂ ಒಂದು ಕಥೆಯೇ. ಲಿಂಗಸುಗೂರಿನ ಗ್ರಂಥಾಲಯಕ್ಕೆ ನಾನು ಮೊದಲು ಹೋದದ್ದು, ಖಜೂರದಿಂದ ಏನೂ ಆಗುವುದಿಲ್ಲ ಎಂದು ಬರೆದ ಪುಸ್ತಕವೊಂದು ಸಿಕ್ಕೀತೆಂಬ ಆಸೆಯಿಂದ. ಹಾಗೆ ಬರೆದಿದ್ದರೆ ದೊಡ್ಡವ್ವನೇ ಸಕ್ಕರೆ ಬೆರೆಸಿರಬೇಕು, ನಾನು ನಿರಪರಾಧಿ ಎಂದುಕೊಳ್ಳಬಹುದಿತ್ತು. ಪುಸ್ತಕ ಸಿಕ್ಕಿತು. ಒಣಗಿದ ಹಣ್ಣಿನಲ್ಲಿ ಹಣ್ಣಿನದೇ ಸಕ್ಕರೆ ಗಟ್ಟಿಯಾಗಿ ನಿಂತಿರುತ್ತದೆ, ಈ ರೋಗದವರು ಅಳತೆ ಮೀರಬಾರದು ಎಂದಿತ್ತು. ಅಕ್ಷರ ಬಾರದ ದೊಡ್ಡವ್ವ ಹೊಸ್ತಿಲಲ್ಲಿ ನಿಂತು ಅದನ್ನೇ ಒಂದು ಸಾಲಿನಲ್ಲಿ ಹೇಳಿದ್ದರು. ನಂಬದೆ ಇನ್ನೊಂದು ಪುಸ್ತಕ ತೆಗೆದೆ. ಮತ್ತೊಂದು...

ಎಷ್ಟೋ ವರ್ಷಗಳ ಮೇಲೆ ಲಿಂಗಸುಗೂರಿನ ಬಸ್ ನಿಲ್ದಾಣದಲ್ಲಿ ಅವರು ಕಂಡರು. ಮುದಗಲ್ಲಿನ ಬಸ್ಸಿಗೆ ಕಾಯುತ್ತ ಕುಳಿತಿದ್ದರು; ಕಣ್ಣು ಮಂಜಾಗಿತ್ತು. ಧ್ವನಿಯಿಂದ ನನ್ನನ್ನು ಗುರುತಿಸಿದರು. ನಾನು ಅವರ ಕಾಲ ಬಳಿ ಕುಳಿತು, "ದೊಡ್ಡವ್ವ, ಅವತ್ತ ನೀವು ಅರ್ಧ ಮುರದು ಕೊಡು ಅಂದಿದ್ರಿ. ನಾ ಮನ್ಯಾಗ ಹೇಳಲಿಲ್ರಿ" ಎಂದೆ.

"ಅದು ನನಗ ಗೊತ್ತೈತಲ್ಲ" ಎಂದರು. "ನಿಮ್ಮ ಅತ್ತಿಗೆ ಹೇಳೀಯೇನು?"

"ಇಲ್ರಿ."

"ಮತ್ತ ಗೊತ್ತಿದ್ದಾಕಿಗೆ ಬಂದು ಹೇಳಿ ಏನ್ ಮಾಡ್ತಿ? ಗೊತ್ತಿಲ್ಲದವರಿಗೆ ಹೇಳು ಹೋಗು."

ಬಸ್ಸು ಬಂತು. ಕೈ ಹಿಡಿದು ಹತ್ತಿಸಿದೆ. ಹಿಡಿಸಿಕೊಂಡರು, ತಿರುಗಿ ನೋಡಲಿಲ್ಲ.

ನಾನು ಹೇಳಲಿಲ್ಲ. ಮಾವನವರು ತೀರಿಕೊಂಡರು, ಅತ್ತೆಯವರು ತೀರಿಕೊಂಡರು. ದೊಡ್ಡವ್ವ ಹೋದ ಸುದ್ದಿ ಯಾರದೋ ಮದುವೆಯ ಪಂಕ್ತಿಯಲ್ಲಿ, ಸಾರು ಬಡಿಸುವ ನಡುವೆ ಕಿವಿಗೆ ಬಿತ್ತು. ನಾದಿನಿ ಮಾತ್ರ ಹಬ್ಬಕ್ಕೊಮ್ಮೆ, ನಾಮಕರಣಕ್ಕೊಮ್ಮೆ ಆ ಕಥೆ ಹೇಳುತ್ತ ಬಂದಳು. ಬಂಡೆಯ ಬರಹವನ್ನೂ ಪಂಚಾಂಗವನ್ನೂ ಪತ್ರಿಕೆಯನ್ನೂ ಪ್ರಶ್ನಿಸಿದ ನಾನು ಆ ಕಥೆ ಬಂದಾಗ ಎದ್ದು ನೀರು ಕುಡಿಯಲು ಹೋಗುತ್ತಿದ್ದೆ.

ಕಳೆದ ವಾರವೂ ಎದ್ದೆ. ಅಡುಗೆಕೋಣೆಯ ಕಟ್ಟೆಯ ಮೇಲೆ ಮೊಮ್ಮಗಳು ಡಬ್ಬಿಗಳಿಗೆ ಅಂಟಿಸಲು ಬರೆದಿಟ್ಟ ಚೀಟಿಗಳಿದ್ದವು: 'ಸಕ್ಕರೆ ಇಲ್ಲ. ಶುಗರ್ ಇದ್ದವರೂ ತಿನ್ನಬಹುದು.' ಅದನ್ನು ಎರಡು ಸಲ ಓದಿದೆ. ನೀರು ಕುಡಿಯದೆ ಚೀಟಿಯನ್ನು ಹಿಡಿದು ನಡುಮನೆಗೆ ಬಂದೆ. ನಾದಿನಿಯ ಎದುರಿಗೆ ಕುಳಿತು ಎಲ್ಲವನ್ನೂ ಹೇಳಿದೆ.

"ವೈನಿ, ಅವ್ವ ಸಾಯೂತನಾ ಆಕಿಗೆ ಶಾಪ ಹಾಕಿದ್ಲಲ್ರೀ" ಎಂದಳು. ಆಮೇಲೆ, "ನಾನೂ ಹಾಕೀನಿ" ಎಂದಳು. ಇಷ್ಟು ವರ್ಷ ಯಾಕೆ ಸುಮ್ಮನಿದ್ದಿರಿ ಎಂದು ಕೇಳಿದಳು. ಆ ಸಂಜೆಯ ಬಸ್ಸಿಗೇ ಮಸ್ಕಿಗೆ ಹೊರಟುಹೋದಳು. ಇನ್ನೂ ಫೋನು ಮಾಡಿಲ್ಲ. ಮಾಡಬೇಕೆಂದು ಕೇಳುವ ಹಕ್ಕು ನನಗಿಲ್ಲ.

ಮೊಮ್ಮಗಳು ಹಳೆಯ ಚೀಟಿಗಳನ್ನು ಹರಿದು ಹೊಸದಾಗಿ ಬರೆದಳು: 'ಸಕ್ಕರೆ ಹಾಕಿಲ್ಲ. ಹಣ್ಣಿನ ಸಿಹಿ ಇದೆ. ಶುಗರ್ ಇದ್ದವರು ಡಾಕ್ಟರನ್ನು ಕೇಳಿ, ಅರ್ಧ ಮುರಿದು ತಿನ್ನಿ.' ಆಮೇಲೆ ಒಂದು ಬಿಲ್ಲೆ ತಂದು ನನ್ನ ಮುಂದೆ ಹಿಡಿದಳು. "ನೋಡಿ ಹೇಳು ಆಯಿ, ಅವರ ಬಿಲ್ಲಿ ಹಂಗ ಆಗೈತೇನು?"

ಮುರಿದು ಬಾಯಿಗಿಟ್ಟೆ. ಶುಂಠಿ ಸರಿಯಾಗಿತ್ತು, ಜಾಜಿಕಾಯಿ ಒಂದಿಷ್ಟು ಹೆಚ್ಚು. ಮತ್ತೇನೋ ಒಂದು ಇರಲಿಲ್ಲ. ಗಸಗಸೆಯೋ, ಎಳ್ಳೋ, ಒಳಕಲ್ಲಿನದೇ ರುಚಿಯೋ... ನಾನು ಎದುರಿಗೇ ಕುಳಿತು ನೋಡಿದ್ದೆ, ಆದರೂ ಗೊತ್ತಾಗಲಿಲ್ಲ. ಕೇಳಿದ್ದರೆ ಹೇಳುತ್ತಿದ್ದರು. ಅವರು ಮಾಡುವುದನ್ನು ಬಿಟ್ಟ ದಿನದಿಂದ ಕೇಳುವವರೇ ಇಲ್ಲವಾದರು, ಹಾಗಾದದ್ದು ನನ್ನಿಂದ.

"ಇಲ್ಲವ್ವ, ಹಂಗಿಲ್ಲ" ಎಂದೆ. ಉಳಿದರ್ಧ ಅವಳ ಕೈಯಲ್ಲಿಟ್ಟೆ.