ಸಾಕಮ್ಮನವರು ಇಳಿಸಿಕೊಟ್ಟ ಸೂರು

ಸೂರೊಂದನ್ನು ನೀವು ಎಂದಾದರೂ ಮಲಗಿ ನೋಡಿದ್ದೀರಾ? ಆವತಿಯಲ್ಲಿ ನಮ್ಮ ನೆರೆಮನೆಯವರಾಗಿದ್ದ ಸಾಕಮ್ಮನವರು ನೋಡುತ್ತಿದ್ದುದು ಹಾಗೆಯೇ. ಯಾರ ಗೃಹಪ್ರವೇಶಕ್ಕೆ ಹೋದರೂ ಊಟ ಮುಗಿಸಿ, ಚಾಪೆ ಕೇಳಿ ಪಡೆದು, ನಡುಮನೆಯಲ್ಲಿ ಅಂಗಾತ ಮಲಗಿಬಿಡುತ್ತಿದ್ದರು. ದೇವನಹಳ್ಳಿಯ ಬೀಗರ ಹೊಸ ತಾರಸಿ ಮನೆಯಲ್ಲಿ ಹೀಗೆ ಮಲಗಿ ಎದ್ದವರು, "ಮನೆ ಚೆಂದಾಗೈತೆ ಕಣವ್ವ. ಒಲೆ ಹಚ್ಚದೇನೇ ರೊಟ್ಟಿ ಬೇಯಿಸ್ಕೋಬೋದು" ಎಂದರು. ಬೀಗಿತ್ತಿ ಬಹುಕಾಲ ಮಾತು ಬಿಟ್ಟಿದ್ದರು.

ಅರವತ್ತರ ದಶಕ ಮುಗಿಯುತ್ತಿದ್ದ ಕಾಲ. ಕಾಲೇಜಿನ ಚರ್ಚಾಕೂಟಗಳ ಆವೇಶ ಇನ್ನೂ ಆರಿರದ ನಾನು ಊರಿಗೆ ಮರಳಿ, ಗೆಳೆಯರೊಡನೆ ಶಿಶುವಿಹಾರ ತೆರೆದಿದ್ದೆ. ಮಕ್ಕಳ ಹೊಣೆ ಸಾಕಮ್ಮನವರದು. ಮೊದಲು ಹಾಕಿದ್ದ ತಗಡಿನ ಚಪ್ಪರದಡಿ ಬೇಸಿಗೆಯ ಮಧ್ಯಾಹ್ನ ಒಂದು ಮಗುವೂ ಕಣ್ಣು ಮುಚ್ಚಲಿಲ್ಲ. ಅಳು ಕೇಳಿ ತಾಯಂದಿರು ತೋಟದ ಕೆಲಸ ಬಿಟ್ಟು ಓಡಿಬರುತ್ತಿದ್ದರು. ಮಕ್ಕಳು ಮಲಗದಿದ್ದರೆ ಅವರಿಗೆ ಕೂಲಿಯಿಲ್ಲ. ಕೂಲಿ ತಪ್ಪಿಸುವ ಶಿಶುವಿಹಾರ ಯಾರಿಗೆ ಬೇಕು?

ಶಿಶುವಿಹಾರದ ಹೊಸ ಕಟ್ಟಡದ ಗೋಡೆ ಎದ್ದಾಗ, ಸೂರಿಗೆ ಹೊಸ ತಗಡು ಕೊಡಿಸುವೆನೆಂದು ಪಂಚಾಯಿತಿಯ ಚೇರ್ಮನ್ನರು ಸಭೆಯಲ್ಲಿ ಸಾರಿದರು. ಅದು ದೂರದ ರಸ್ತೆಗೂ ಮಿನುಗಬೇಕೆಂಬುದು ಅವರ ಆಸೆ.

"ರಸ್ತೇಲಿ ಹೋಗೋರು ನೋಡೋಕೋ, ಮಕ್ಳು ಮಲಗೋಕೋ?" ಎಂದರು ಸಾಕಮ್ಮನವರು.

"ಇನ್ನೇನ್ ಹಾಕ್ಸಾಣ ಅಕ್ಕಾ, ತೆಂಗಿನ್ ಗರೀನಾ?"

"ತಾರಸಿ ಹಾಕ್ಸ್ಕೊಂಡೋರ ಹಿತ್ತಲಲ್ಲಿ ಹಳೇ ನಾಡಹೆಂಚು ರಾಶಿ ಬಿದ್ದವೆ. ಅದರಡೀಲಿ ಹಾವು ಚೇಳು ಸುಖವಾಗಿ ಮಲ್ಗವೆ. ಮಕ್ಳಿಗೆ ಬ್ಯಾಡ್ವಾ?"

ಹೆಂಚು ಕೊಡಲು ಯಾರೂ ಮುಂದೆ ಬರಲಿಲ್ಲ. ಒಮ್ಮೆ ಮನೆಯನ್ನು ಕಾಯ್ದ ಹೆಂಚನ್ನು ಹೊರಗೆ ಕೊಟ್ಟರೆ ಲಕ್ಷ್ಮಿಯೂ ಅದರೊಡನೆ ಹೊರಟುಬಿಡುವಳೆಂಬ ನಂಬಿಕೆ ನಮ್ಮವರದು. ನಾನು ಎದ್ದು ಮಣ್ಣಿನ ಹೆಂಚಿನ ತಂಪನ್ನೂ, ಹೊಸದನ್ನು ಸುಡದೆ ಉಳಿಸಬಹುದಾದ ಸೌದೆಯನ್ನೂ ವಿವರಿಸಿದೆ. "ಭಾಷ್ಣ ಬೋ ಚೆನ್ನಾಗಿತ್ತು ಕಣಪ್ಪ" ಎಂದು ಹೊಗಳಿ ಎಲ್ಲರೂ ಮನೆಗೆ ಹೋದರು.

ಮರುದಿನ ಬೆಳಿಗ್ಗೆ ಸಾಕಮ್ಮನವರು ತಾವು ವಾಸವಿದ್ದ ಮನೆಯ ಪಡಸಾಲೆಯ ಮೇಲಿನಿಂದಲೇ ಹೆಂಚು ಇಳಿಸತೊಡಗಿದರು. ಹೆಂಗಸರು ಓಡಿಬಂದರು.

"ಲಕ್ಷ್ಮಿ ಹೊರಟೋಗ್ತಾಳೆ ಸಾಕಕ್ಕಾ!"

"ಹೋಗ್ಲಿ ಬಿಡ್ರೇ. ಮಕ್ಳು ಮಲಗೋ ಕಡೆಗೇ ತಾನೇ ಹೋಗೋದು? ದಿನಾ ಹೋಗಿ ನೋಡ್ಕೊಂಡ್ ಬರ್ತೀನಿ."

ಹೆಂಗಸರು ನಕ್ಕರು. ಸಂಜೆಯ ಹೊತ್ತಿಗೆ ಮನೆಮನೆಯಿಂದ ಹೆಂಚು ತುಂಬಿದ ಮಂಕರಿಗಳು ಬರತೊಡಗಿದವು. ಚೇರ್ಮನ್ನರ ತಾಯಿಯೂ ಸೊಸೆಯ ತಲೆಯ ಮೇಲೊಂದು ಹೊರಿಸಿಕೊಂಡು ಬಂದರು.

ಕೆಂಪು, ಕಪ್ಪು, ಪಾಚಿಯ ಹಸಿರು ಎಲ್ಲ ಬೆರೆತ ಸೂರು ಅದು. ಒಳಗೆ ಕೆರೆಯ ತಳದಂಥ ತಣ್ಣನೆಯ ಮಬ್ಬು. ಹೆಂಚುಗಳ ಸಂದಿನಿಂದ ಇಳಿದ ಬಿಸಿಲ ಚುಕ್ಕಿಗಳು ಮಲಗಿದ ಮಕ್ಕಳ ಕೆನ್ನೆಯಿಂದ ಕೆನ್ನೆಗೆ, ಯಾರನ್ನೂ ಎಬ್ಬಿಸದೆ, ಸರಿಯುತ್ತಿದ್ದವು.

ಉಪಾಧ್ಯಾಯನಾಗಿ ತ್ಯಾಮಗೊಂಡ್ಲಿಗೆ ಹೊರಟ ಮಧ್ಯಾಹ್ನ ನಾನು ಹೇಳಿಹೋಗಲು ಶಿಶುವಿಹಾರಕ್ಕೆ ಬಂದೆ. ಮಕ್ಕಳ ನಡುವೆ ಮಲಗಿದ್ದ ಸಾಕಮ್ಮನವರು ಅರೆಗಣ್ಣು ತೆರೆದು ಪಿಸುಗುಟ್ಟಿದರು: "ಹೊರಟ್ಯೇನಪ್ಪಾ? ಮೆಲ್ಲಗೆ ಹೋಗು, ಮಕ್ಳು ಎದ್ದಾವು."

ಅವರ ಬಾಯಿಂದ ನಾನು ಕೇಳಿದ ಕಡೆಯ ಮಾತು ಅದು. ಆ ವರ್ಷದ ಮಳೆಗಾಲ ಮುಗಿಯುವುದರೊಳಗೆ ಅವರು ತೀರಿಕೊಂಡರು.

ಓದುಗರೇ, ನಿಮ್ಮ ಹಿತ್ತಲಲ್ಲಿ ಹಳೆಯ ಹೆಂಚುಗಳಿದ್ದರೆ ಒಡೆದು ಗುಂಡಿಗೆ ತುಂಬಬೇಡಿ. ನಿಮ್ಮೂರಿನ ಮಕ್ಕಳ ಮನೆಗೆ ಕೊಡಿ.