ದುರ್ಗಕ್ಕೆ ಹೊರಟ ಐದು ಜನ

ಬಿಸಿಲಲ್ಲಿ ನಿಲ್ಲಿಸಿದ ಹಳೆಯ ಕಾರಿನ ಬಾಗಿಲು ತೆಗೆದಾಗ ಒಂದು ವಾಸನೆ ಬರುತ್ತದಲ್ಲ, ಕಾದ ರೆಕ್ಸಿನ್ನು, ಪೆಟ್ರೋಲು, ಹಿಂದಿನ ದಿನದ ಊದುಬತ್ತಿ, ಬಾಡಿದ ಚೆಂಡುಹೂವು ಎಲ್ಲ ಬೆರೆತದ್ದು, ಅದು ಮೂಗಿಗೆ ಬಡಿದರೆ ಇವತ್ತಿಗೂ ನಾನು ಎರಡು ಹೆಜ್ಜೆ ಹಿಂದೆ ಸರಿಯುತ್ತೇನೆ. ಆಯುಧಪೂಜೆಯ ಮಾರನೇ ದಿನ ಯಾರಾದರೂ ಕಾರಿನಲ್ಲಿ ಕರೆದರೆ ಏನಾದರೊಂದು ನೆಪ ಹೇಳಿ ಬಸ್ಸು ಹತ್ತುತ್ತೇನೆ. ಅಮ್ಮನಿಗೆ ಕಾರು ಆಗಿಬರೋಲ್ಲ ಎಂದು ಮಕ್ಕಳು ನಗುತ್ತಾರೆ. ನಗಲಿ. ಅವರಿಗೆ ಎಲ್ಲವನ್ನೂ ಬಿಡಿಸಿ ಹೇಳುತ್ತಾ ಕೂರುವ ತಾಳ್ಮೆ ನನಗಿಲ್ಲ. ನಿಮಗೆ ಹೇಳಬಹುದು ಅನ್ನಿಸಿತು, ಯಾಕೆಂದರೆ ಒಂದು ವಯಸ್ಸು ದಾಟಿದವರ ಮನೆಯಲ್ಲೆಲ್ಲ ಹೋದವರು ಬರಲಿಲ್ಲ ಎಂಬ ಕಥೆ ಒಂದಾದರೂ ಇದ್ದೇ ಇರುತ್ತದೆ.

ಎಪ್ಪತ್ತರ ದಶಕ ಮುಗಿಯುತ್ತಾ ಬಂದಿತ್ತು. ಕಡೂರಿನ ಹತ್ತಿರದ ನಮ್ಮೂರು ಯಗಟಿಯಲ್ಲಿ ಅಪ್ಪನದು ಕೊಬ್ಬರಿ ವ್ಯಾಪಾರ. ಮನೆಯ ಅಟ್ಟದ ತುಂಬ ತೆಂಗಿನಕಾಯಿ ಸುರಿದು ವರ್ಷದ ತನಕ ಒಣಗಲು ಬಿಡುತ್ತಿದ್ದರು. ಕೆಳಗೆ ಮಲಗುವ ನಮ್ಮ ಬಟ್ಟೆಗೂ ತಲೆಗೂದಲಿಗೂ ಅದರದೇ ಸಿಹಿ ಕಮಟು ಹತ್ತಿರುತ್ತಿತ್ತು. ಅಪ್ಪನ ಒಬ್ಬನೇ ತಮ್ಮ, ನಮ್ಮ ಚಿಕ್ಕಪ್ಪ ನಾಗರಾಜ, ಅಟ್ಟ ಹತ್ತಿ ಒಂದೊಂದೇ ಕಾಯಿ ತೆಗೆದು ನನ್ನ ಕಿವಿಯ ಹತ್ತಿರ ಅಲ್ಲಾಡಿಸುತ್ತಿದ್ದ. ಒಳಗಿನ ತಿರುಳು ಬಿಟ್ಟುಕೊಂಡು ಲೊಟಲೊಟ ಅಂದರೆ ಕೊಬ್ಬರಿಯಾಗಿದೆ ಎಂದರ್ಥ. ನಾನು ಆಗಿದೆ ಅಂದರೆ ಈ ಕಡೆ ಬುಟ್ಟಿಗೆ, ಇಲ್ಲ ಅಂದರೆ ಮತ್ತೆ ಅಟ್ಟಕ್ಕೆ. ಒಂಬತ್ತು ವರ್ಷದ ಹುಡುಗಿಯ ಮಾತನ್ನು ಅಷ್ಟು ಗಂಭೀರವಾಗಿ ತೆಗೆದುಕೊಂಡವನು ಆ ಮನೆಯಲ್ಲಿ ಅವನೊಬ್ಬನೇ. ಪಿಯುಸಿ ಎರಡು ಸಲ ಕಟ್ಟಿ ಎರಡು ಸಲವೂ ಡುಮ್ಕಿ ಹೊಡೆದಿದ್ದ. ಅಪ್ಪ ಬಾಯಿ ತೆಗೆದರೆ ಅವನನ್ನು ದಂಡಪಿಂಡ ಅನ್ನುತ್ತಿದ್ದ, ಅವನು ತಲೆ ಬಗ್ಗಿಸಿಕೊಂಡು ಕೊಬ್ಬರಿ ಬಿಡಿಸುತ್ತಿದ್ದ. ಆ ವರ್ಷ ಅಪ್ಪ ಒಂದು ಹಳೆಯ ಕಪ್ಪು ಕಾರು ಕೊಂಡಿದ್ದ. ಆಯುಧಪೂಜೆಯ ಸಂಜೆ ಚಿಕ್ಕಪ್ಪ ಅದನ್ನು ಹಿಂದಕ್ಕೆ ತೆಗೆಯಲು ಹೋಗಿ ಅಂಗಳದಲ್ಲಿದ್ದ ಎತ್ತಿನಗಾಡಿಯ ಚಕ್ರಕ್ಕೆ ತಾಗಿಸಿ, ಬಾಗಿಲಿನ ಉದ್ದಕ್ಕೂ ಗೀಚಿಬಿಟ್ಟ. ಅಪ್ಪ ಒಂದು ಮಾತೂ ಆಡಲಿಲ್ಲ. ಅಪ್ಪ ಬೈದರೆ ಬದುಕಿಕೊಳ್ಳಬಹುದಿತ್ತು, ಸುಮ್ಮನಾದರೆ ಮನೆಯವರಿಗೆಲ್ಲ ಅನ್ನ ಇಳಿಯುತ್ತಿರಲಿಲ್ಲ.

ಮಾರನೇ ದಿನ ಚಿತ್ರದುರ್ಗದ ಕೋಟೆ ನೋಡಲು ಹೋಗುವುದೆಂದು ಮೊದಲೇ ನಿಶ್ಚಯವಾಗಿತ್ತು. ಅಪ್ಪ, ಅಮ್ಮ, ಅಜ್ಜಿ, ಚಿಕ್ಕಪ್ಪ, ನಾನು. ಎದುರುಮನೆಯವರು ಜಗಲಿಗೆ ಬಂದು, "ಏನ್ ಯಜಮಾನ್ರೇ, ದೂರ ಹೊರಟಂಗಿದೆ" ಅಂದರು. ಹಾಗೇ ಕೇಳಬೇಕು. ಹೊರಟವರನ್ನು ಎಲ್ಲಿಗೆ ಎಂದು ಕೇಳಿದರೆ ಹೋದ ಕೆಲಸ ಕೆಡುತ್ತದೆ, ಇದು ನಿಮ್ಮ ಮನೆಯಲ್ಲೂ ಇದ್ದ ಮಾತೇ. ಆದರೆ ನನಗೆ ಎದುರುಮನೆಯ ಹುಡುಗಿಯರಿಗೆ ದುರ್ಗದ ಹೆಸರು ಕೇಳಿಸಬೇಕಿತ್ತು. ಕಾರಿನ ಕಿಟಕಿಯಿಂದ ತಲೆ ಹೊರಗೆ ಹಾಕಿ, ಗಟ್ಟಿಯಾಗಿ, "ಅಪ್ಪಾ, ಎಲ್ಲಿಗೋಗ್ತಿರೋದು ನಾವು?" ಅಂದೆ. ಅಜ್ಜಿ ನನ್ನ ಕಿವಿ ಹಿಡಿದು ತಿರುವಿದ್ದು ಎಷ್ಟೆಂದರೆ ಕಣ್ಣು ಕತ್ತಲೆ ಬಂತು. "ಹೊರಡೋ ಹೊತ್ನಲ್ಲಿ ಎಲ್ಲಿಗೆ ಅಂತಾರೇನೇ, ಶನಿಮುಂಡೇದೇ. ಇಳೀರಿ ಎಲ್ಲ." ಐದೂ ಜನ ಇಳಿದು ಒಳಗೆ ಹೋಗಿ ಚಾಪೆಯ ಮೇಲೆ ಕೂತೆವು. ಒಂದೊಂದು ಗುಟುಕು ನೀರು ಕುಡಿದೆವು. ದೇವರಿಗೆ ಇನ್ನೊಂದು ಸಲ ಕೈಮುಗಿದು ಹೊಸದಾಗಿ ಹೊರಟೆವು. ಹೊಸಿಲು ದಾಟುವಾಗ ಅಜ್ಜಿ ನನ್ನ ಗಲ್ಲ ಹಿಡಿದು, "ಇನ್ನೊಂದ್ಸಲ ಯಾರ್ನಾದ್ರೂ ಎಲ್ಲಿಗೆ ಅಂದ್ರೆ ನಾಲ್ಗೆ ಮೇಲೆ ಬರೆ ಹಾಕ್ತೀನಿ" ಅಂದಳು. ಚಿಕ್ಕಪ್ಪ ತನ್ನ ಕರ್ಚೀಫಿನಿಂದ ನನ್ನ ಮೂಗು ಒರೆಸಿದ.

ಹೊಸದುರ್ಗ, ಹೊಳಲ್ಕೆರೆ ದಾಟಿ ದುರ್ಗ ಮುಟ್ಟುವ ಹೊತ್ತಿಗೆ ಬಿಸಿಲು ಏರಿತ್ತು. ಅಷ್ಟು ದೊಡ್ಡ ಬಂಡೆಗಳನ್ನು ನಾನು ಅಲ್ಲಿಯ ತನಕ ನೋಡಿರಲಿಲ್ಲ. ಒಂದು ಬಾಗಿಲು ದಾಟಿದರೆ ಇನ್ನೊಂದು ಬಾಗಿಲು, ಒಂದು ಗೋಡೆ ಮುಗಿದರೆ ಇನ್ನೊಂದು ಗೋಡೆ. ಅಜ್ಜಿ ಮೆಟ್ಟಿಲಿಗೊಮ್ಮೆ ನಿಂತು ಸೆರಗಿನಲ್ಲಿ ಗಾಳಿ ಹಾಕಿಕೊಳ್ಳುತ್ತಾ, ಈ ಪುಣ್ಯಾತ್ಮರಿಗೆ ಬಯಲಲ್ಲಿ ಮನೆ ಕಟ್ಟೋಕೇನಾಗಿತ್ತು ಎಂದು ಗೊಣಗುತ್ತಿದ್ದಳು. ಚಿಕ್ಕಪ್ಪ ಅವಳ ರಟ್ಟೆ ಹಿಡಿದು ಹತ್ತಿಸಿದ. ಮೇಲೆ ಹೊಂಡದ ಹತ್ತಿರ ಬಂಡೆಯ ನೆರಳು ನೋಡಿ ಬುತ್ತಿ ಬಿಚ್ಚಿದೆವು. ಅಪ್ಪನೂ ಚಿಕ್ಕಪ್ಪನೂ ನೀರು ತರಲು ಹೋಗಿಬಂದರು. ರಾಗಿ ರೊಟ್ಟಿ, ಹುಚ್ಚೆಳ್ಳು ಪುಡಿ, ಚಿತ್ರಾನ್ನ, ಮೊಸರನ್ನ. ಗಾಳಿಗೆ ಎಲೆ ಹಾರದ ಹಾಗೆ ನಾಲ್ಕೂ ಮೂಲೆಗೆ ಕಲ್ಲಿಟ್ಟು ಉಂಡದ್ದು ನೆನಪಿದೆ. ಚಿಕ್ಕಪ್ಪ ತನ್ನ ಪಾಲಿನ ಕೋಡುಬಳೆಯನ್ನೆಲ್ಲ ನನ್ನ ಎಲೆಗೆ ಹಾಕಿದ. ನಾನು ಖುಷಿಯಾಗಿ ತಿಂದೆ, ಅವನು ಯಾಕೆ ತಿನ್ನಲಿಲ್ಲ ಎಂದು ಯೋಚಿಸುವ ವಯಸ್ಸಲ್ಲ ಅದು.

ಉಂಡ ಮೇಲೆ ಅಜ್ಜಿ, ಅಮ್ಮ ಅಲ್ಲೇ ಒರಗಿ ಜೊಂಪು ಹೋದರು. ಅಪ್ಪ ಟವೆಲನ್ನು ಮುಖದ ಮೇಲೆ ಹಾಕಿಕೊಂಡು ಮಲಗಿದ. ನಾನು ಆಡುವುದಕ್ಕೆಂದು ಗುಂಡಗಿನ ಕಲ್ಲು ಆರಿಸುತ್ತಿದ್ದೆ. ಚಿಕ್ಕಪ್ಪ ಎದ್ದು ಚಪ್ಪಲಿ ಮೆಟ್ಟಿದ, ಜೇಬಿನಿಂದ ಬಾಚಣಿಗೆ ತೆಗೆದು ತಲೆ ಬಾಚಿಕೊಂಡ, ನನ್ನ ಹತ್ತಿರ ಬಂದು ಮೆಲ್ಲಗೆ, "ಸುಜಿ, ಅಜ್ಜಿ ಎದ್ರೆ ಹೇಳು, ಬತ್ತೀನಿ ಅಂತ" ಅಂದ. ಎಲ್ಲಿಗೆ ಎಂಬ ಮಾತು ನಾಲಗೆಯ ತುದಿಗೆ ಬಂತು. ಕಿವಿ ಇನ್ನೂ ಉರಿಯುತ್ತಿತ್ತು. ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ತಲೆಯಾಡಿಸಿದೆ. ಅವನು ತಕ್ಷಣ ಹೋಗಲಿಲ್ಲ, ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದ. ಆಮೇಲೆ ಎರಡು ಬಂಡೆಗಳ ನಡುವೆ ಇಳಿದು ಹೋದ. ಬೆಳಗ್ಗೆ ಕಲಿತ ಪಾಠವನ್ನು ಮಧ್ಯಾಹ್ನಕ್ಕೆ ಮರೆಯಲಿಲ್ಲವಲ್ಲ ಎಂದು ನನಗೆ ನನ್ನ ಮೇಲೇ ಹೆಮ್ಮೆಯಾಯಿತು. ಆ ಹೆಮ್ಮೆಯನ್ನು ನೆನೆಸಿಕೊಂಡರೆ ಇವತ್ತಿಗೂ ಕೆನ್ನೆಗೆ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ.

ನಾಲ್ಕು ಗಂಟೆಯಾದರೂ ಅವನು ಬರಲಿಲ್ಲ. ಅಪ್ಪ ಮೊದಲು ಸಿಟ್ಟಿನಿಂದ ಕರೆದ, ಆಮೇಲೆ ಹೆದರಿಕೆಯಿಂದ ಕರೆದ. ನಾಗಾ, ನಾಗಾ ಎಂದು ಬಂಡೆಯಿಂದ ಬಂಡೆಗೆ ಓಡಿದ. ಹೊಂಡದ ಸುತ್ತ ನೋಡಿದ್ದಾಯಿತು, ಗುಡಿಗಳಲ್ಲಿ ನೋಡಿದ್ದಾಯಿತು. ಬಾಗಿಲು ಹಾಕುವ ಹೊತ್ತಾಯಿತೆಂದು ಕಾವಲಿನವನು ಸೀಟಿ ಊದಿದ. ಕೆಳಗಿಳಿದು ಬಸ್‌ಸ್ಟ್ಯಾಂಡಿನಲ್ಲಿ ಹುಡುಕಿ, ಕೊನೆಗೆ ಪೊಲೀಸ್ ಠಾಣೆಗೆ ಹೋದೆವು. ಯಾರಿಗಾದರೂ ಹೇಳಿ ಹೋದನೇ ಎಂದು ಪೇದೆ ಕೇಳಿದ. ನನಗೆ ಹೇಳಿದ ಅಂದೆ. ಎಲ್ಲಿಗೆ ಅಂದ ಎಂದು ಕೇಳಿದ. ಕೇಳ್ಲಿಲ್ಲ ಅಂದೆ. ಅಮ್ಮ ನನ್ನ ಭುಜ ಹಿಡಿದು ಅಲುಗಿಸಿ, "ಯಾಕೇ ಕೇಳ್ಲಿಲ್ಲ, ಬಾಯಿ ಬಿದ್ದೋಗಿತ್ತಾ?" ಅಂದಳು. "ಕೇಳ್ಬಾರ್ದಲ್ಲ, ಅಜ್ಜಿ ಬರೆ ಹಾಕುತ್ತೆ" ಅಂದೆ. ಪಕ್ಕದಲ್ಲಿ ನಿಂತಿದ್ದ ಅಜ್ಜಿ ಠಾಣೆಯ ಸಿಮೆಂಟು ನೆಲದ ಮೇಲೆ ಹಾಗೇ ಕುಸಿದು ಕೂತಳು.

ಅವನು ಸಿಗಲಿಲ್ಲ. ಪೇಪರಿನಲ್ಲಿ ಹಾಕಿಸಿದರು, ಶಾಸ್ತ್ರ ಕೇಳಿಸಿದರು. ಬೀರೂರು ಸ್ಟೇಷನ್ನಿನಲ್ಲಿ ಕಂಡ ಅಂದರೆ ಅಪ್ಪ ಬೀರೂರಿಗೆ ಓಡುತ್ತಿದ್ದ, ಅಜ್ಜಂಪುರದ ಸಂತೆಯಲ್ಲಿ ಕಂಡ ಅಂದರೆ ಅಜ್ಜಂಪುರಕ್ಕೆ, ತರೀಕೆರೆಯಲ್ಲಿ ಅವನ ಹಾಗೇ ಇರುವವನು ಹೋಟೆಲಿನಲ್ಲಿದ್ದಾನೆ ಅಂದರೆ ತರೀಕೆರೆಗೆ. ಅಜ್ಜಿ ಜಗಲಿ ಸೇರಿದಳು. ಬೀದಿಯಲ್ಲಿ ಹೋಗುವ ಪ್ರತಿಯೊಬ್ಬರನ್ನೂ ಕೂಗಿ, "ಎಲ್ಲಿಗಪ್ಪಾ ಹೊರಟೆ?" ಎಂದು ಕೇಳತೊಡಗಿದಳು. ಹೆಣ್ಣು ನೋಡಲು ಹೊರಟವರು, ಕೋರ್ಟಿಗೆ ಹೊರಟವರು, ಹೆರಿಗೆಗೆ ಕರೆದುಕೊಂಡು ಹೊರಟವರು, ಯಾರನ್ನೂ ಬಿಡಲಿಲ್ಲ. ಕೆಲವರು ಬೈದುಕೊಂಡು ಮನೆಗೆ ಹಿಂತಿರುಗಿ ನೀರು ಕುಡಿದು ಬರುತ್ತಿದ್ದರು. ಬರಬರುತ್ತಾ ಜನ ನಮ್ಮ ಬೀದಿಯನ್ನೇ ಬಿಟ್ಟು ಹಿತ್ತಲ ಓಣಿಯಿಂದ ಓಡಾಡತೊಡಗಿದರು. ಅಮ್ಮ, "ಒಳಗ್ ಬನ್ನಿ ಅತ್ತೆ, ಜನ ಬೈಕೋತಾರೆ" ಎಂದು ಬೇಡಿಕೊಳ್ಳುತ್ತಿದ್ದಳು. "ಬೈಕೊಳ್ಲಿ ಬಿಡೇ. ಹೇಳ್ಬಿಟ್ಟು ಹೋದ್ರೆ ಹುಡುಕೋಕಾದ್ರೂ ಆಗುತ್ತೆ" ಅನ್ನುತ್ತಿದ್ದಳು ಅಜ್ಜಿ. ಒಂದು ದಿನವೂ ಅವಳು ನನ್ನನ್ನು ಬೈಯಲಿಲ್ಲ. ನಾನು ಹತ್ತಿರ ಹೋದರೆ ಸೆರಗು ಎಳೆದುಕೊಂಡು ಸರಿದು ಜಾಗ ಬಿಡುತ್ತಿದ್ದಳು. ನನ್ನನ್ನು ಕಂಡರೆ ಅವಳಿಗೆ ಭಯವಿತ್ತು ಎಂದು ಎಷ್ಟೋ ವರ್ಷದ ಮೇಲೆ ಗೊತ್ತಾಯಿತು. ಎಂಟು ವರ್ಷ ಹಾಗೆ ಕೂತು, ಅದೇ ಜಗಲಿಯ ಮೇಲೆ ಅವಳು ತೀರಿಕೊಂಡಳು. ಅಪ್ಪ ವ್ಯಾಪಾರ ಬಿಟ್ಟ, ಅಟ್ಟ ಬರಿದಾಯಿತು. ಆಮೇಲೆ ಮನೆ ಮಾರಿದರು, ಕೊಂಡವರು ಕೆಡವಿ ಅಂಗಡಿ ಸಾಲು ಕಟ್ಟಿದರು. ಅಲ್ಲಿ ಈಗ ಪಂಪ್‌ಸೆಟ್ ರಿಪೇರಿ ಮಾಡುತ್ತಾರೆ.

ಅಮ್ಮ ತೀರಿಕೊಂಡ ಮೇಲೆ ಅಪ್ಪ ಕಡೂರಿನಲ್ಲಿ ನನ್ನ ಮನೆಯಲ್ಲೇ ಇದ್ದ. ಹಾಸಿಗೆ ಹಿಡಿದಿದ್ದ. ಒಂದು ಮಧ್ಯಾಹ್ನ ಗಂಜಿ ಕುಡಿಸುತ್ತಿದ್ದಾಗ, ಯಾವ ಮಾತೂ ನಡೆದಿಲ್ಲದ ಹೊತ್ತಿನಲ್ಲಿ, "ನೀನು ಕೇಳಿದ್ರೂ ಅವ್ನು ನಿಲ್ತಿರ್ಲಿಲ್ಲ ಕಣೇ" ಅಂದ. ನಾನು ಚಮಚ ಕೈಯಲ್ಲೇ ಹಿಡಿದು ನೋಡಿದೆ. "ನೀರು ತರೋಕೋದಾಗ ನಾನೇ ಅಂದಿದ್ದೆ. ಸಂಜೆ ಕಾರು ಹತ್ಬೇಡ, ಇನ್ನು ನಮ್ಮನೆ ಹೊಸ್ಲು ತುಳೀಬೇಡ ಅಂತ. ಆ ಬಾಗ್ಲು ಗೀಚಿದ್ದಕ್ಕೆ. ಸಿಟ್ನಲ್ಲಿ ಅಂದಿದ್ದು. ಹೋಗೇ ಬಿಡ್ತಾನೆ ಅಂತ ಯಾರಿಗ್ ಗೊತ್ತಿತ್ತು."

ನನ್ನ ಮನಸ್ಸು ಹಗುರವಾಗಲಿ ಎಂದೇ ಹೇಳಿದನೋ ಏನೋ. ಆಗಲಿಲ್ಲ. ಅಷ್ಟು ವರ್ಷವೂ ನನ್ನ ತಪ್ಪೆಂದು ಬೆಂದಿದ್ದೆ ನಿಜ, ಆದರೆ ಚಿಕ್ಕಪ್ಪನನ್ನು ನಿಲ್ಲಿಸುವ ಮಾತೊಂದು ಲೋಕದಲ್ಲಿ ಇತ್ತು, ಅದು ನನ್ನ ಬಾಯಲ್ಲಿತ್ತು ಎಂದಾದರೂ ನಂಬಿಕೊಂಡಿದ್ದೆ. ಅಪ್ಪ ಅದನ್ನೂ ಕಿತ್ತುಕೊಂಡ. "ಅಜ್ಜಿಗೆ ಹೇಳಿದ್ಯಾ ಇದನ್ನ?" ಎಂದು ಕೇಳಿದೆ. ಅಪ್ಪ ಗಲ್ಲಕ್ಕೆ ಇಳಿದ ಗಂಜಿಯನ್ನು ಅಂಗೈಯಿಂದ ಒರೆಸಿಕೊಂಡ. "ಹೇಳ್ಬೇಕು ಅಂತ ದಿನಾ ಅನ್ಕೋತಿದ್ದೆ" ಅಂದ. ಎಂಟು ವರ್ಷ, ದಿನಾ ಅಂದುಕೊಳ್ಳುತ್ತಾ, ಆ ಮುದುಕಿಯನ್ನು ದಾಟಿಕೊಂಡು ಒಳಗೆ ಹೊರಗೆ ಓಡಾಡಿದ್ದ.

ಆಮೇಲೆ ಅಪ್ಪ ಒಂಬತ್ತು ದಿನ ಇದ್ದ. ಹೊತ್ತುಹೊತ್ತಿಗೆ ಗಂಜಿ ಕುಡಿಸಿದೆ, ಬಿಸಿನೀರಿನಲ್ಲಿ ಬಟ್ಟೆ ಅದ್ದಿ ಮೈ ಒರೆಸಿದೆ, ಮಗ್ಗುಲು ಬದಲಾಯಿಸಿದೆ, ಮಾತೊಂದನ್ನು ಬಿಟ್ಟು ಯಾವುದಕ್ಕೂ ಕಡಿಮೆ ಮಾಡಲಿಲ್ಲ. ಕೊನೆಯ ದಿನ ನನ್ನ ಸೆರಗಿನ ತುದಿ ಹಿಡಿದುಕೊಂಡು, "ಸುಜಿ, ಬೈಯಾದ್ರೂ ಬೈಯೇ, ಏನಾದ್ರೂ ಒಂದು ಅನ್ನು" ಅಂದ. ನಾನು ಅನ್ನಲಿಲ್ಲ.